ಸುಟ್ಟುಹೋಗಿದೆ ಎಂದಿದ್ದ ಡಿಸ್ಕ್

ನವ್ಯಶ್ರೀ, ತಂದೆ ಬೋರಲಿಂಗಯ್ಯ, 26 ವರ್ಷ, ಖಾಸಗಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಶಿಕ್ಷಕಿ, ವಾಸ ಹಾರೋಹಳ್ಳಿ, ಕನಕಪುರ ತಾಲ್ಲೂಕು, ರಾಮನಗರ ಜಿಲ್ಲೆ, ಆದ ನಾನು ಈ ದಿನ ಮಧ್ಯಾಹ್ನ 2.10 ಗಂಟೆಗೆ ಠಾಣೆಗೆ ಖುದ್ದಾಗಿ ಬಂದು ತಿಳಿಸುವುದೇನೆಂದರೆ:

ಮೇಲ್ಕಂಡ ವಿಳಾಸದಲ್ಲಿ ನಾನು ನಮ್ಮ ಅಕ್ಕ ರಾಧಾಮಣಿಯ ಜೊತೆ ವಾಸವಾಗಿದ್ದೇನೆ. ಅಕ್ಕನ ಗಂಡ ಅನಂತರಾಜು ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ತಗಡಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಪ್ರೆಸ್ ಆಪರೇಟರ್ ಆಗಿದ್ದರು. ದಿನಾಂಕ 21-08-2008ರಂದು ಪ್ರೆಸ್ಸಿಗೆ ಸಿಲುಕಿ ತೀರಿಕೊಂಡರು. ಓಡುತ್ತಿದ್ದ ಪ್ರೆಸ್ಸಿನೊಳಕ್ಕೆ ಅವರೇ ಪಕ್ಕದಿಂದ ಬಗ್ಗಿದರೆಂದು ಆ ಪಾಳಿಯ ಸೂಪರ್‌ವೈಸರ್ ಚಿಕ್ಕರಾಜು ಅವರು ಆಗ ಹೇಳಿದ್ದರು. ಚಿಕ್ಕರಾಜು ಅವರು ನಮ್ಮ ಭಾವನ ಚಿಕ್ಕಪ್ಪನ ಮಗ. ಭಾವನನ್ನು ಆ ಕೆಲಸಕ್ಕೆ ಸೇರಿಸಿದವರೂ ಅವರೇ, ಹೆಣಕ್ಕೆ ಹೆಗಲು ಕೊಟ್ಟವರೂ ಅವರೇ. ಕ್ಯಾಮೆರಾದ ಡಿಸ್ಕ್ ಸುಟ್ಟುಹೋಗಿದೆ, ಆ ದಿನದ ದೃಶ್ಯ ಉಳಿದಿಲ್ಲವೆಂದು ಕಾರ್ಖಾನೆಯವರು ತಿಳಿಸಿದ್ದರು.

ಅಕ್ಕನ ಮದುವೆಯ ಸಿ.ಡಿ.ಗಳು ಗೀರು ಬಿದ್ದು ನಿಂತುನಿಂತು ಓಡುತ್ತಿದ್ದವು. ಒಂದು ಹಾರ್ಡ್ ಡಿಸ್ಕ್ ಕೆಟ್ಟರೂ ಇನ್ನೊಂದರಲ್ಲಿ ಆ ವಿಡಿಯೊ ಉಳಿಯಲಿ ಎಂದು ಮನೆಯಲ್ಲೇ ಒಂದು ಸ್ಟೋರೇಜ್ ಸರ್ವರ್ ಕಟ್ಟಲು ಹೊರಟೆ. ತರಬೇತಿ ಕೇಂದ್ರದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಕೇಳಿ ತಂದೆ. ಒಂದು ಡಿಸ್ಕ್ ನನ್ನಲ್ಲಿತ್ತು. ಇನ್ನೆರಡನ್ನು 08-11-2009ರಂದು ರಾಮನಗರದ ಗುಜರಿ ವ್ಯಾಪಾರಿ ತಾಜ್ ಪಾಷಾ ಅವರಲ್ಲಿ ಕೊಂಡೆ. ಅದರಲ್ಲೊಂದಕ್ಕೆ ಗ್ಯಾರಂಟಿ ಇಲ್ಲವೆಂದು ಅವರು ಮೊದಲೇ ಹೇಳಿದ್ದರು.

ಆ ಗ್ಯಾರಂಟಿ ಇಲ್ಲದ ಡಿಸ್ಕ್ ಒಂದು ವಾರ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳಲಿಲ್ಲ. ಕೇಬಲ್ ಬದಲಾಯಿಸಿದೆ. ಬೇರೆ ಜಾಗಕ್ಕೆ ಚುಚ್ಚಿದೆ. ಟಕ್ ಟಕ್ ಎಂದು ನಿಲ್ಲುತ್ತಿತ್ತು. ಮೂರು ಡಿಸ್ಕ್ ತಿರುಗಿಸುವಷ್ಟು ಕರೆಂಟ್ ಹಳೆಯ ಪವರ್ ಸಪ್ಲೈನಿಂದ ಬರುತ್ತಿಲ್ಲವೆಂದು ಕೊನೆಗೆ ಹೊಳೆಯಿತು. ಈ ದಿನ, ಭಾನುವಾರ, ಬೆಳಿಗ್ಗೆ 10.20ಕ್ಕೆ ಹೊಸದನ್ನು ಹಾಕಿದ ಮೇಲೆ ಡಿಸ್ಕ್ ತಿರುಗಿತು.

ಅಳಿಸುವ ಮುಂಚೆ ಒಳಗೆ ಏನಿದೆಯೆಂದು ನೋಡಲು, ಅದರ ಮೇಲೆ ಏನೂ ಬರೆಯದಂತೆ, ಓದಲು ಮಾತ್ರ ತೆರೆದೆ. ದಿನಾಂಕದ ಹೆಸರಿನ ಫೋಲ್ಡರ್‌ಗಳಿದ್ದವು. ಕೊನೆಯದು 21-08-2008. ತಾಜ್ ಪಾಷಾ ಅವರಿಗೆ ಫೋನ್ ಮಾಡಿದೆ. ಆ ಸಾಮಾನು ಬಂದದ್ದು ನಮ್ಮ ಭಾವ ಇದ್ದ ಕಾರ್ಖಾನೆಯಿಂದಲೇ ಎಂದು ಅವರು ಹೇಳಿದರು.

10.50ಕ್ಕೆ ಆ ಫೋಲ್ಡರಿನಿಂದ, ಪ್ರೆಸ್ ಕಾಣುವ ಮೂರನೇ ಕ್ಯಾಮೆರಾದ ದೃಶ್ಯ ಹಾಕಿದೆ. ಶಬ್ದವಿಲ್ಲ. ಅಕ್ಕ ಅಡುಗೆಮನೆಯಿಂದ ಬಂದಳು. ಭಾವ ಟ್ರೇ ಹಿಡಿದು ನಡೆದು ಹೋಗುತ್ತಿದ್ದರು. ಅಕ್ಕ ನಕ್ಕಳು. "ಇವ್ರು ನಡೀತಾವ್ರೆ ನೋಡೇ. ಅದೇ ನೀಲಿ ಷರ್ಟು," ಎಂದಳು. ಯಾವ ದಿನದ್ದೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ನಿಲ್ಲಿಸಲು ಹೋದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

ದೃಶ್ಯದ ಗಡಿಯಾರದಲ್ಲಿ 11.38ಕ್ಕೆ ಚಿಕ್ಕರಾಜು ಪ್ರೆಸ್ಸಿನ ಮುಂದಿನ ಬಾಗಿಲು ತೆಗೆದು, ಅದು ತೆರೆದಿದ್ದರೂ ಯಂತ್ರ ಓಡುವಂತೆ ಅಲ್ಲಿನ ಸ್ವಿಚ್ಚಿಗೆ ತಂತಿ ಸುತ್ತುತ್ತಾನೆ. ಭಾವ ಎರಡು ಸಲ ತಲೆಯಾಡಿಸಿ ಬೇಡವೆನ್ನುತ್ತಾರೆ. ಚಿಕ್ಕರಾಜು ಕೈಗಡಿಯಾರ ತೋರಿಸುತ್ತಾನೆ. ಭಾವ ಕೆಲಸಕ್ಕೆ ನಿಲ್ಲುತ್ತಾರೆ. 11.41ಕ್ಕೆ ಸಿಕ್ಕಿಕೊಂಡ ತಗಡು ತೆಗೆಯಲು ತೆರೆದ ಬಾಗಿಲಿನೊಳಕ್ಕೆ ಬಗ್ಗುತ್ತಾರೆ. ಪ್ರೆಸ್ ಇಳಿಯುತ್ತದೆ. ಚಿಕ್ಕರಾಜು ಓಡಿ ಬಂದು ಯಂತ್ರ ನಿಲ್ಲಿಸುತ್ತಾನೆ. ಆಮೇಲೆ ಯಾರನ್ನೂ ಕರೆಯುವುದಿಲ್ಲ. ತಂತಿ ಬಿಚ್ಚುತ್ತಾನೆ. ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚುತ್ತಾನೆ. ಜೇಬಿಗೆ ಹಾಕಿಕೊಳ್ಳುತ್ತಾನೆ. ಕಾರ್ಖಾನೆಯ ಬಾಗಿಲಿನ ಕಡೆ ಓಡುವಾಗ 11.45.

ಅಕ್ಕ ಅಳಲಿಲ್ಲ. ಹೋಗಿ ಗ್ಯಾಸ್ ಆರಿಸಿ ಬಂದಳು. ಇನ್ನೊಂದು ಸಲ ಹಾಕು ಎಂದಳು. ನಾನು ಹಾಕಲಿಲ್ಲ. ಆ ಫೋಲ್ಡರನ್ನು ಉಳಿದ ಎರಡು ಡಿಸ್ಕ್‌ಗಳಿಗೂ ನಕಲು ಮಾಡಿ, ಮೂಲ ಡಿಸ್ಕ್ ಬಿಚ್ಚಿ ಟವೆಲಿನಲ್ಲಿ ಸುತ್ತಿದೆ. ಅಷ್ಟರಲ್ಲಿ 12.15ಕ್ಕೆ ಅಕ್ಕ ತನ್ನ ಮೊಬೈಲಿನಿಂದ ಚಿಕ್ಕರಾಜುವಿಗೆ ಫೋನ್ ಮಾಡಿ, ಆ ತಂತಿ ಎಲ್ಲಿಟ್ಟೆ ಎಂದು ಮಾತ್ರ ಕೇಳಿದಳು.

12.40ಕ್ಕೆ ಆತ ಬೈಕಿನಲ್ಲಿ ಬಂದನು. ಒಳಗೆ ಬರಲಿಲ್ಲ. ತಂತಿ ಕಂಡದ್ದು ಕ್ಯಾಮೆರಾ ಮಾತ್ರ, ಆ ಡಿಸ್ಕ್ ನಿಮಗೆ ಸಿಕ್ಕಿರಬೇಕು, ಕೊಟ್ಟುಬಿಡಿ ಎಂದು ನನ್ನನ್ನು ಕೇಳಿದನು. ಅವತ್ತು ಲಾರಿ ಗೇಟಿನಲ್ಲಿ ಕಾಯುತ್ತಿತ್ತು, ಪ್ರತಿ ಸಲ ಪ್ರೆಸ್ಸಿನ ಬಾಗಿಲು ತೆಗೆದು ಮುಚ್ಚಿ ಮಾಡಿದರೆ ಮಾಲು ಮುಗಿಯುತ್ತಿರಲಿಲ್ಲ, ಎಲ್ಲಾ ಪಾಳಿಯವರೂ ಹಾಗೇ ತಂತಿ ಕಟ್ಟುತ್ತಿದ್ದರು ಎಂದನು. ನನಗೂ ಹೆಂಡತಿ ಮಕ್ಕಳಿದ್ದಾರೆ ಎಂದನು. ನಾನು ಕೊಡುವುದಿಲ್ಲವೆಂದೆ. ಆತ ನನ್ನ ಮೇಲೆ ಕೈ ಮಾಡಲಿಲ್ಲ. ಮೆಟ್ಟಿಲ ಮೇಲೆ ಕುಳಿತನು.

ಅಕ್ಕ ಅವನೆದುರು ಹೋಗಿ ನಿಂತು, "ನೀನು ಗಂಟು ಬಿಚ್ಚೋವಾಗ ಅವ್ರಿಗೆ ಉಸ್ರಿತ್ತಾ?" ಎಂದು ಕೇಳಿದಳು.

ಆತ, "ಇತ್ತು ಅತ್ಗೆ. ನನ್ನ ಹೆಸ್ರಿಡಿದು ಕೂಗ್ದ. ಮೂರು ಸಲ ಕೂಗ್ದ," ಎಂದನು.

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಚಪ್ಪಲಿ ಹಾಕಿಕೊಂಡು ಟೇಸನ್ಗೆ ನಡಿ ಎಂದಳು. ಯಾರಿಗೆ ಹೇಳಿದಳೆಂದು ನನಗೆ ತಿಳಿಯಲಿಲ್ಲ. ನಾವಿಬ್ಬರೂ ಹೊರಟಾಗ ಆತನೂ ಎದ್ದನು. ಬೈಕು ನಮ್ಮ ಮನೆ ಮುಂದೆಯೇ ಇದೆ. ಸುಮಾರು ಒಂದೂವರೆ ಕಿಲೋಮೀಟರ್ ಮೂವರೂ ನಡೆದು ಬಂದೆವು. ಆತ ಈಗ ಠಾಣೆಯ ಹೊರಗೆ ಬೆಂಚಿನ ಮೇಲಿದ್ದಾನೆ.

ದೃಶ್ಯದಲ್ಲಿ ಶಬ್ದವಿಲ್ಲದ ಕಾರಣ, ಮೂರು ಸಲ ಕೂಗಿದ ಮಾತನ್ನು ತಪ್ಪದೆ ಬರೆದುಕೊಳ್ಳಬೇಕೆಂದು ನಮ್ಮ ಅಕ್ಕ ಕೇಳಿಕೊಂಡಿದ್ದಾಳೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಇಷ್ಟು, ಇದು ಸತ್ಯ. ಮೂಲ ಡಿಸ್ಕ್ ಒಂದನ್ನು ಹಾಜರುಪಡಿಸಿದ್ದೇನೆ.

ಸ್ಥಳ: ಹಾರೋಹಳ್ಳಿ
ದಿನಾಂಕ: 15-11-2009
ಸಹಿ: ನವ್ಯಶ್ರೀ ಬಿ.