ಹಾಲ್ಸೆತ್ ಬಂಕಿನ ಹೊಸ ಟ್ಯಾಂಕಿಗೆ ನೀರು ತುಂಬಿದ ಬಗ್ಗೆ

ನಾನು ಆರ್ವಿಲ್ ಟ್ವೇಟ್, ವಯಸ್ಸು ಅರವತ್ತೆಂಟು, ಕಸುಬು ಗೋಧಿ ಬೇಸಾಯ, ಮೂವತ್ತೊಂದು ವರ್ಷದಿಂದ ಊರ ಅಗ್ನಿಶಾಮಕ ದಳದ ಸ್ವಯಂಸೇವಕ, ದಳದ ವಾಹನವನ್ನು ನನ್ನಷ್ಟು ನೇರವಾಗಿ ಹಿಂದಕ್ಕೆ ತೆಗೆಯುವವರು ಈ ಕೌಂಟಿಯಲ್ಲಿ ಇನ್ನೊಬ್ಬರಿಲ್ಲ, ವಾಸ ಹಾಲ್ಸೆತ್ ಊರಿನ ಉತ್ತರ ರಸ್ತೆ, ಕೌಂಟಿ ಪೊಲೀಸಿನ ಡೆಪ್ಯುಟಿ ಲಿಂಡ್‌ಕ್ವಿಸ್ಟ್ ಅವರ ಮುಂದೆ ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಊರಿಗಿರುವ ಒಂದೇ ಪೆಟ್ರೋಲ್ ಬಂಕ್ ಮಾರ್ಲಿಸ್ ಹಾಗೆನ್ ಅವರದು, ಒಳಗೆ ಆಕೆಯದೇ ಚಿಕ್ಕ ಊಟದ ಹೋಟೆಲೂ ಇದೆ. ಮುಂದಿನದು ನಲವತ್ತೇಳು ಮೈಲಿ ಆಚೆ. ನೆಲದಡಿಯ ಹಳೇ ಟ್ಯಾಂಕ್ ತೆಗೆದು ಹೊಸದನ್ನು ಹೂಳಲು ಆಕೆಗೆ ಸರ್ಕಾರದ ಟ್ಯಾಂಕ್ ಸಾಲ ನಿಧಿಯಿಂದ ಸಾಲ ಮಂಜೂರಾಗಿತ್ತು. ಅಷ್ಟರಲ್ಲಿ ಸರ್ಕಾರ ಆ ನಿಧಿಯನ್ನೇ ಮುಚ್ಚಲು ಹೊರಟಿತು. ಸೆಪ್ಟೆಂಬರ್ 30ರ ಸಂಜೆ ಐದರೊಳಗೆ ಟ್ಯಾಂಕ್ ಗುಂಡಿಯಲ್ಲಿರುವುದನ್ನು ಅಧಿಕಾರಿ ಕಣ್ಣಾರೆ ನೋಡಿದರೆ ಸಾಲ, ಇಲ್ಲವಾದರೆ ಇಲ್ಲ ಎಂದು ತಿಳಿಸಿತ್ತು.

ಆ ದಿನ ಬೆಳಿಗ್ಗೆ 11.20ಕ್ಕೆ ಗುತ್ತಿಗೆದಾರ ಡ್ವೇನ್ ಕೊಲಾರ್ ಕ್ರೇನಿನಿಂದ ಟ್ಯಾಂಕನ್ನು ಗುಂಡಿಗಿಳಿಸಿದರು. 11.50ಕ್ಕೆ ಅವರಿಗೆ ಫೋನ್ ಬಂತು. ನಿಧಿಯ ಕಚೇರಿಯಲ್ಲಿ ಕುರ್ಚಿಗಳನ್ನೂ ಕಟ್ಟಿಡುತ್ತಿದ್ದಾರೆ, ಅಧಿಕಾರಿ ಬರುವುದು ಸುಳ್ಳು, ನನ್ನ ಹಣವೂ ಬರುವುದಿಲ್ಲ, ಊಟ ಮುಗಿಸಿ ಟ್ಯಾಂಕನ್ನು ಮೇಲೆತ್ತಿ ವಾಪಸು ಒಯ್ಯುತ್ತೇನೆ ಎಂದು ಡ್ವೇನ್ ಫೋನ್ ಇಟ್ಟು ಹೇಳಿದರು. ಮಾರ್ಲಿಸ್ ಒರೆಸಿದ್ದ ಕೌಂಟರನ್ನೇ ಮತ್ತೆ ಒರೆಸಿದರು.

ನಾನು 12.05ಕ್ಕೆ ಶೆಡ್ಡಿಗೆ ಹೋಗಿ ಅಗ್ನಿಶಾಮಕ ವಾಹನ ತಂದೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಬೆಂಕಿ ಆರಿಸಲೆಂದೇ ಬೀದಿಯಲ್ಲಿರುವ ದಪ್ಪ ನಲ್ಲಿಗೆ ಕೊಳವೆ ಜೋಡಿಸಿ, ವಾಹನದ ಪಂಪಿನಿಂದ ಟ್ಯಾಂಕಿಗೆ ನೀರು ಬಿಟ್ಟೆ. ಖಾಲಿ ಟ್ಯಾಂಕ್ ಗುಂಡಿಯ ಒಸರು ನೀರಿನಲ್ಲಿ ತೇಲದಿರಲೆಂದು ಗುತ್ತಿಗೆದಾರರೇ ಎಲ್ಲ ಕಡೆ ಹೀಗೆ ತುಂಬುತ್ತಾರೆ. ಅವರ ಕೆಲಸವನ್ನು ನಾನು ಪುಕ್ಕಟೆ ಮಾಡಿಕೊಟ್ಟೆ, ಅಷ್ಟೆ. ಎಂಟು ಸಾವಿರ ಗ್ಯಾಲನ್ ತುಂಬುವವರೆಗೂ ಡ್ವೇನ್ ಮತ್ತು ಆಳುಗಳು ಒಳಗೆ ಊಟಕ್ಕೆ ಕೂತಿದ್ದರು. ಮಾರ್ಲಿಸ್‌ಗೆ ಈ ವಿಚಾರ ಏನೇನೂ ತಿಳಿದಿರಲಿಲ್ಲ. ಮೂರು ಸಲ ಸೇಬಿನ ಪೈ ಬಡಿಸಿದ್ದು ಆಕೆಯ ಸ್ವಭಾವ. ಪರದೆ ಎಳೆದದ್ದು ಬಿಸಿಲಿಗೆ. ರೇಡಿಯೋ ಜೋರು ಮಾಡಿದ್ದು ಹವಾಮಾನ ಕೇಳಲು.

12.50ಕ್ಕೆ ಹೊರಬಂದ ಡ್ವೇನ್ ಸರಪಳಿ ಬಿಗಿಸಿ ಎತ್ತಿಸಿದರು. ಕ್ರೇನಿನ ಹಿಂದಿನ ಚಕ್ರಗಳೇ ನೆಲ ಬಿಟ್ಟವು, ಟ್ಯಾಂಕ್ ಕದಲಲಿಲ್ಲ.

"ಏ ಮುದುಕಾ, ಯಾರ್ ಹೇಳಿದ್ದು ನಿಂಗೆ ನೀರು ಬಿಡೋಕೆ?" ಎಂದರು.

"ತಮ್ಮಾ, ನಿನ್ನ ಟ್ಯಾಂಕು ನೀನು ಎತ್ಕೊಂಡ್ ಹೋಗು, ಬೇಡ ಅಂದೋರ್ಯಾರು? ನೀರು ಮಾತ್ರ ಊರಿಂದು, ಇಲ್ಲೇ ಬಿಟ್ಟೋಗು" ಎಂದೆ.

ನೀರು ಹೊರತೆಗೆಯಲು ವಾಹನದ ಪಂಪು ಕೇಳಿದರು. ಕೊಡಲಿಲ್ಲ; ಊರಲ್ಲಿ ಅಂಥ ಪಂಪು ಇನ್ನೊಂದಿಲ್ಲ. ಪೊಲೀಸರಿಗೆ ದೂರು ಕೊಡುವೆನೆಂದರು. ತಪ್ಪಾಗಬಾರದೆಂದು ನನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದೆ.

4.35ಕ್ಕೆ ನಿಧಿಯ ಅಧಿಕಾರಿ ಹೆಣ್ಣುಮಗಳು ಒಬ್ಬರೇ ಕಾರಿನಲ್ಲಿ ಬಂದರು. ಗುಂಡಿ ನೋಡಿ, ಟ್ಯಾಂಕ್ ಇಳಿದಿದೆ ಎಂದು ಬರೆದುಕೊಂಡರು. ಅಗ್ನಿಶಾಮಕ ವಾಹನ ಇಲ್ಲೇಕೆ ಎಂದು ಕೇಳಿದರು.

"ಬೆಂಕಿ ಇನ್ನೂ ಹತ್ತಿಲ್ಲ ತಾಯಿ, ನಾವೇ ಸ್ವಲ್ಪ ಮುಂಚೆ ಬಂದ್ವಿ" ಎಂದೆ.

ಅವರು ನಗಲಿಲ್ಲ. ನಿಧಿ ಕೊಡುವ ಕೊನೆಯ ಸಾಲ ಇದು, ನಾಳೆಯಿಂದ ತನಗೂ ಕೆಲಸವಿಲ್ಲ ಎಂದರು. ಮಾರ್ಲಿಸ್ ಉಳಿದ ಪೈಯನ್ನು ಅವರಿಗೆ ಕಟ್ಟಿಕೊಟ್ಟರು.

ಡ್ವೇನ್ ಅವರಿಗೆ ಈಗ ಪೂರಾ ಹಣ ಬರುತ್ತದೆ. ಆದರೂ ದೂರು ಕೊಟ್ಟಿದ್ದಾರೆ, ಕೊಡಲಿ. ವಾಹನ ಒಯ್ದದ್ದು ನಿಜ. ಒಯ್ದವನು ನಾನೊಬ್ಬನೇ. 'ನನ್ನಿಂದ ತಪ್ಪಾಯಿತು' ಎಂದು ಸೇರಿಸಿದರೆ ಕೇಸು ಹಗುರಾಗುತ್ತದೆಂದು ಡೆಪ್ಯುಟಿಯವರು ತಾವಾಗಿ ಒಂದು ಸಾಲು ಬರೆದರು. ಓದಿಸಿ ಕೇಳಿದೆ. ಆ ಸಾಲನ್ನು ಹೊಡೆದುಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಹೊಡೆದುಹಾಕಿದ ಸಾಲಿನ ಪಕ್ಕದಲ್ಲೂ ರುಜು ಹಾಕಿದ್ದೇನೆ.

ಸ್ಥಳ: ಹಾಲ್ಸೆತ್
ದಿನಾಂಕ: ಅಕ್ಟೋಬರ್ 1
ಸಹಿ: ಆರ್ವಿಲ್ ಟ್ವೇಟ್