ಪೆನ್ನಕ್ಕನ ಮೂರನೇ ಕುರ್ಚಿ

ವೇದಿಕೆ ಮೇಲಿರುವ ನಿರ್ದೇಶಕರೇ, ಜೊತೆ ಕೆಲಸ ಮಾಡುವ ಡಾಕ್ಟರುಗಳೇ, ಸಿಸ್ಟರ್‌ಗಳೇ, ಮುಂದಿನ ಸಾಲಲ್ಲಿ ಕೂತಿರುವ ಪೆನ್ನಕ್ಕನ ಯಜಮಾನ್ರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ಈ ಸಂತಾಪ ಸಭೆಯಲ್ಲಿ ನನಗಿಂತ ಮುಂಚೆ ಮಾತಾಡಿದ ನಾಲ್ಕು ಜನ, ಪೆನ್ನಕ್ಕ ಮೃದು ಸ್ವಭಾವದವರು, ಒಬ್ಬರಿಗೂ ಎದುರಾಡಿದವರಲ್ಲ ಅಂದರು. ಯಾರ ಬಗ್ಗೆ ಸ್ವಾಮಿ ಇದು? ನಾನು ಈ ಆಸ್ಪತ್ರೆಯ ಸರ್ಜನ್. ಹನ್ನೊಂದು ವರ್ಷ ಆ ಹೆಂಗಸಿನ ಹತ್ತಿರ ಬೈಸಿಕೊಂಡಿದ್ದೀನಿ. ದಯವಿಟ್ಟು ಅದಕ್ಕೆ ಸಕ್ಕರೆ ಬೆರೆಸಬೇಡಿ.

ಅವರ ಬೀದಿಯವರೂ ಬಂದಿದ್ದೀರಿ, ಅವರ ಕೆಲಸ ಏನು ಅಂತ ನಿಮಗೆ ಗೊತ್ತಿಲ್ಲದೆ ಇರಬಹುದು. ಹೇಳ್ತೀನಿ, ಮುಖ ಸಿಂಡರಿಸಬೇಡಿ, ಎಲ್ಲರ ಹೊಟ್ಟೆಯಲ್ಲೂ ಇರೋದೇ. ಕೆಲವು ಕಾಯಿಲೆಯಲ್ಲಿ ದೊಡ್ಡ ಕರುಳು, ಗುದನಾಳ ಎರಡನ್ನೂ ಪೂರ್ತಿ ತೆಗೀತೀವಿ. ಆಮೇಲೆ ಮಲ ಹೊರಗೆ ಹೋಗೋದು ಹೇಗೆ? ಸಣ್ಣ ಕರುಳಿನ ತುದಿಯನ್ನ ಹೊಟ್ಟೆಯ ಮೇಲೆ ತಂದು ಬಾಯಿ ಥರ ಹೊಲಿದು, ಅಲ್ಲಿ ಚೀಲ ಅಂಟಿಸೋದು ಒಂದು. ಇನ್ನೊಂದು — ಸಣ್ಣ ಕರುಳಿಂದಲೇ ಒಳಗೊಂದು ಸಂಚಿ ಹೊಲಿದು ಗುದದ್ವಾರಕ್ಕೆ ಜೋಡಿಸೋದು. ಕಾಯಂ ಚೀಲ ಇರಲ್ಲ, ಆದ್ರೆ ಎರಡು ಮೂರು ಸಲ ಆಪರೇಷನ್, ದಿನಕ್ಕೆ ಐದಾರು ಸಲ ಕಕ್ಕಸಿಗೆ ಓಡಾಟ, ಸಂಚಿಗೆ ಆಗಾಗ ಊತ. ಮೂರನೇದು, ಸಂಚಿ ಒಳಗೇ, ಹೊಟ್ಟೆ ಮೇಲೆ ಪುಟ್ಟ ಬಾಯಿ, ಸೋರದ ಹಾಗೆ ಕವಾಟ. ದಿನಕ್ಕೆ ಮೂರ್ನಾಲ್ಕು ಸಲ ಕೊಳವೆ ಹಾಕಿ ಖಾಲಿ ಮಾಡಬೇಕು. ಕವಾಟ ಜಾರಿದ್ರೆ ಮತ್ತೆ ಆಪರೇಷನ್, ಅದನ್ನ ಮಾಡೋ ಡಾಕ್ಟರುಗಳೂ ಕಡಿಮೆ. ಎಲ್ಲವೂ ಎಲ್ಲರಿಗೂ ಹೊಂದಲ್ಲ.

ಇದನ್ನೆಲ್ಲ ರೋಗಿಗಳಿಗೆ ಬಿಡಿಸಿ ಹೇಳೋದು ನಮ್ಮ ಸಿಸ್ಟರ್ ಪೆನ್ನಕ್ಕನ ಕೆಲಸ. ಆಪರೇಷನ್‌ಗೆ ಮುಂಚೆ ಆ ಬಾಯಿ ಎಲ್ಲಿ ಬರಬೇಕು ಅಂತ ಪೆನ್ನಲ್ಲಿ ಗುರುತು ಹಾಕೋದೂ ಅವರೇ, ಅದಕ್ಕೇ ಆ ಹೆಸರು. "ಎದ್ದು ನಿಲ್ಲಿ. ಕೂತ್ಕೊಳ್ಳಿ. ಬಗ್ಗಿ. ನಿಮ್ಮ ಬಟ್ಟೆ ನೀವೇ ಕಟ್ಕೊಳ್ಳಿ. ಈಗ ಚುಕ್ಕೆ ಕಣ್ಣಿಗೆ ಕಾಣುತ್ತಾ?" — ಅರ್ಧ ಗಂಟೆ! ನಾವು ಹೊರಗೆ ಗಡಿಯಾರ ನೋಡ್ತಾ ಹಲ್ಲು ಕಡೀತಿದ್ವಿ. ಅವರ ರೂಮಲ್ಲಿ ಮೂರು ಕುರ್ಚಿ. ಒಂದು ರೋಗಿಗೆ, ಒಂದು ಮನೆಯವರಿಗೆ, ಮೂರನೇದು ಡಾಕ್ಟ್ರಿಗೆ. ಆ ಮೂರನೇದು ಯಾವಾಗಲೂ ಖಾಲಿ. ಆದ್ರೂ ಪೆನ್ನಕ್ಕ ಅದರಲ್ಲಿ ಕೂರದೆ ನಿಂತೇ ಇರ್ತಿದ್ರು.

ಐದು ವರ್ಷದ ಹಿಂದೆ ಮಗಳ ಹೆರಿಗೆ ಅಂತ ಅವರು ರಜೆ ಹಾಕಿದ್ರು. ಆಗ ಒಬ್ಬರು ಬಸ್ ಡ್ರೈವರ್ ಬಂದ್ರು. ನಾನು ಅವರಿಗೆ ಚೀಲ ಒಂದನ್ನೇ ಹೇಳಿದೆ. ಯಾಕೆ? ನನಗೆ ಬರೋದು ಅದೊಂದೇ. ಬೇರೆ ಕಡೆ ಬೇರೆಯವರು ಬೇರೆ ಥರ ಮಾಡ್ತಾರೆ ಅನ್ನೋಕೆ ನಾಲಿಗೆ ಏಳಲಿಲ್ಲ. ಗುದದ್ವಾರ ತೆಗೆದು ಹೊಲಿದೂ ಬಿಟ್ಟೆ. ಇನ್ನು ಗುರುತು — ಟೇಬಲ್ ಮೇಲೆ, ಅರಿವಳಿಕೆ ಕೊಟ್ಟಾದ ಮೇಲೆ, ಹೀಗೆ, ಒಂದು ಗೀಟು. ಎರಡು ಸೆಕೆಂಡು.

ಮಲಗಿದವರ ಹೊಟ್ಟೆ ಚಪ್ಪಟೆ. ಕೂತರೆ ಮಡಿಕೆ ಬೀಳುತ್ತೆ. ನಾನು ಮಾಡಿದ ಬಾಯಿ ಸರಿಯಾಗಿ ಆ ಮಡಿಕೆಯೊಳಗೆ, ಬೆಲ್ಟಿನ ಕೆಳಗೆ! ಸೀಟಲ್ಲಿ ಕೂತಾಗೆಲ್ಲ ಚೀಲ ಕಿತ್ತುಬರೋದು, ಸೋರೋದು, ಚರ್ಮ ಸುಟ್ಟ ಹಾಗೆ ಆಗೋದು. ಡ್ರೈವರ್ ಕೆಲಸ ಬಿಟ್ಟು ಮನೆ ಸೇರಿದ್ರು.

ರಜೆ ಮುಗಿಸಿ ಬಂದ ಪೆನ್ನಕ್ಕ ಅದನ್ನ ನೋಡಿದ್ದೇ ತಡ, ಕಾರಿಡಾರಲ್ಲೇ, ನನ್ನ ಜೂನಿಯರ್‌ಗಳ ಮುಂದೆಯೇ ನನ್ನ ಚಳಿ ಬಿಡಿಸಿದ್ರು. "ಡಾಕ್ಟ್ರೇ, ನಮ್ಮನೆಯವರು ಟೈಲರ್. ಮೂವತ್ತು ವರ್ಷದಲ್ಲಿ ಒಬ್ಬರನ್ನಾದ್ರೂ ಮಲಗಿಸಿ ಅಳತೆ ತಗೊಂಡಿದ್ದಾರಾ, ಹೋಗಿ ಕೇಳಿ! ಪ್ಯಾಂಟ್ ಕೆಟ್ಟರೆ ಬಿಚ್ಚಿ ಹೊಲೀಬಹುದು. ಇದು ಮೈ ಕಣ್ರೀ!"

ನನಗೂ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಹೋಗಿ ಆ ಮೂರನೇ ಕುರ್ಚಿಯಲ್ಲಿ ಕೂತೆ. ಅವರು ಡ್ರೈವರ್‌ಗೆ ಎಲ್ಲ ದಾರಿಗಳನ್ನೂ ಹೇಳಿದ್ರು. ಡ್ರೈವರ್ ನನ್ನ ಕಡೆ ತಿರುಗಿ, "ಆ ಎರಡನೇದು ನಂಗೂ ಆಗ್ತಿತ್ತಾ ಸಾರ್?" ಅಂದ್ರು.

ಆಗ್ತಿತ್ತು. ಆ ದಾರಿಯನ್ನ ನಾನೇ ಮುಚ್ಚಿ ಹೊಲಿದಿದ್ದೆ. "ಆಗ್ತಿತ್ತು" ಅಂದೆ. ಅವರು ಎದ್ದು ಅಂಗಿ ಗುಂಡಿ ಬಿಚ್ಚಿ ಪೆನ್ನಕ್ಕನ ಮುಂದೆ ನಿಂತರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಪೆನ್ನಕ್ಕ ಅವರನ್ನ ಡ್ರೈವರ್ ಸೀಟಲ್ಲಿ ಕೂರೋ ಹಾಗೆ ಕೂರಿಸಿ, ಇಲ್ಲದ ಗೇರು ಹಾಕಿಸಿ, ಹೊಸ ಚುಕ್ಕೆ ಇಟ್ಟರು. ನಾನು ಮತ್ತೆ ಆಪರೇಷನ್ ಮಾಡಿ ಬಾಯನ್ನ ಅಲ್ಲಿಗೆ ಬದಲಾಯಿಸಿದೆ. ಈಗ ಮತ್ತೆ ಬಸ್ ಓಡಿಸ್ತಿದ್ದಾರೆ. ಅಗೋ, ಮೂರನೇ ಸಾಲಲ್ಲಿ ಕೂತಿದ್ದಾರೆ. ಇದನ್ನೆಲ್ಲ ಹೇಳಿ ಅಂದವರೂ ಅವರೇ.

ಈಗ ನಿರ್ದೇಶಕರೇ, ನಿಮ್ಮ ವಿಷಯ. ಹೋದ ಮಂಗಳವಾರ ಪೆನ್ನಕ್ಕ ಡ್ಯೂಟಿ ಮುಗಿಸಿ ಮನೆಗೆ ಹೋಗಿ, ಎದೆನೋವು ಅಂತ ಕೂತವರು ಏಳಲಿಲ್ಲ. ಶುಕ್ರವಾರ ನಿಮ್ಮ ಆದೇಶ ಬಂತು — ಆ ಹುದ್ದೆ ರದ್ದು, ರೂಮು ಹಳೇ ಫೈಲ್ ಇಡೋಕೆ. ಮೂರು ದಿನ ರೀ! ಬಾಗಿಲಲ್ಲಿದ್ದ ಅವರ ಚಪ್ಪಲಿ ತೆಗೆಯೋಕೂ ಮನೆಯವರಿಗೆ ಮನಸ್ಸು ಬಂದಿರಲಿಲ್ಲ! ಅಂಥ ಆದೇಶಕ್ಕೆ ಸಹಿ ಹಾಕಿ, ಇಲ್ಲಿ ಬಂದು ಅವರ ಫೋಟೋಗೆ ಹಾರ ಹಾಕಿದ್ರಿ.

ಹೆಂಗಸರ ವಾರ್ಡಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ ಇದ್ದಾಳೆ. ಗುರುವಾರ ಅವಳ ಆಪರೇಷನ್. ಇವತ್ತು ಬೆಳಿಗ್ಗೆ ಕೇಳಿದಳು, "ಪೆನ್ ಹಾಕೋ ಆಂಟಿ ಯಾವಾಗ ಬರ್ತಾರೆ?" ನಾನೇನು ಹೇಳಲಿ? ಫೈಲ್ ಬಂದಿದೆ ಕಣಮ್ಮ ಅನ್ನಲಾ? ಪೆನ್ನಕ್ಕ ಎರಡು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ ಸಿಸ್ಟರ್ ಒಬ್ಬರಿದ್ದಾರೆ. ಅವರನ್ನ ಕಣ್ಣಿನ ವಾರ್ಡಿಗೆ ಹಾಕಿದ್ದೀರಿ. ನಾಳೆ ಹತ್ತು ಗಂಟೆಗೆ ಆ ಸಿಸ್ಟರ್, ಆ ಹುಡುಗಿ, ಅವಳ ಅಮ್ಮ ಆ ರೂಮಲ್ಲಿರಬೇಕು. ಮೂರನೇ ಕುರ್ಚಿಯಲ್ಲಿ ನಾನಿರ್ತೀನಿ. ಸಿಸ್ಟರ್‌ಗೆ ಇನ್ನೊಂದು ಕುರ್ಚಿ ನಾನೇ ಹೊತ್ತು ತರ್ತೀನಿ.

ಜೋರಾಗಿ ಮಾತಾಡಿದ್ದಕ್ಕೆ ಪೆನ್ನಕ್ಕನ ಮನೆಯವರು ಕ್ಷಮಿಸಬೇಕು. ಅವರಿದ್ದಿದ್ರೆ ಇದಕ್ಕಿಂತ ಜೋರಾಗಿ ಮಾತಾಡ್ತಿದ್ರು.

ಚಾಕು ಹಾಕೋ ಮುಂಚೆ ಪ್ರತಿಯೊಬ್ಬರನ್ನೂ ಎದ್ದು ನಿಲ್ಲಿಸಿದವರು ಅವರು. ಈಗ ಅವರಿಗೋಸ್ಕರ ನಾವೆಲ್ಲ ಎದ್ದು ನಿಲ್ಲೋಣ. ಒಂದು ನಿಮಿಷ, ಮೌನವಾಗಿ. ನಿರ್ದೇಶಕರೇ, ನೀವೂ ಏಳಿ. ಆ ರೂಮಿನ ಬೀಗದ ಕೈ ನಿಮ್ಮ ಜೇಬಲ್ಲಿದೆ ಅಂತ ಗೊತ್ತು. ನಿಮಿಷ ಮುಗಿದ ತಕ್ಷಣ ನಾನು ನಿಮ್ಮ ಮುಂದೆ ಬಂದು ಕೈ ಚಾಚ್ತೀನಿ.