ಜ್ಯೂರಿಗೆ ಹೋಗಿದ್ದೆ ಎಂದರೆ ಯಾರೂ ನಂಬಲಿಲ್ಲ

ನಮ್ಮ ಕನ್ನಡ ಕೂಟದ ಅಧ್ಯಕ್ಷರಾದ ಶರಣಪ್ಪನವರೇ, ಶಿಕಾಗೊ ಹತ್ತಿರದ ಓಕ್ ಬ್ರೂಕಿನಿಂದ ಇಷ್ಟು ದೂರ ಡ್ರೈವ್ ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿ ಡಾಕ್ಟರ್ ಹರಿಯವರೇ, ಕಾರ್ಯದರ್ಶಿ ದೀಪು ಅವರೇ, ಒಗ್ಗರಣೆಯ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕೂತಿರುವ ಸಭಿಕರೇ,

ನಿರೂಪಕರು ನನ್ನನ್ನು ಶ್ರೀಮತಿ ಪದ್ಮ ತಿರುಮಲೇಶ್ ಎಂದು ಕರೆದರು. ಪದ್ಮ ಎಂದರೆ ಸಾಕು.

ಇವತ್ತು ನಮ್ಮ ಕೂಟದ ‘ಜ್ಯೂರಿ ನೆರವು ಸಮಿತಿ’ಯನ್ನು ದೀಪ ಹಚ್ಚಿ ಉದ್ಘಾಟಿಸಬೇಕೆಂದು ನನ್ನನ್ನು ಕರೆಸಿದ್ದೀರಿ. ಊರಿನಿಂದ ಬಂದಿರುವ ಅಪ್ಪ ಅಮ್ಮಂದಿರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಈ ಅಮೆರಿಕದಲ್ಲಿ ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಹೇಳುವವರು ನಮ್ಮ ನಿಮ್ಮಂಥ ಹನ್ನೆರಡು ಜನ ನಾಗರಿಕರು, ಅದೇ ಜ್ಯೂರಿ. ಕೋರ್ಟಿನಿಂದ ಕರೆ ಬರುತ್ತದೆ, ಹೋಗಿ ಕೂತು ಕೇಳಬೇಕು. ಕೇಸು ಮುಗಿಯುವ ತನಕ ಅದರ ಬಗ್ಗೆ ಮನೆಯವರ ಹತ್ತಿರವೂ ಬಾಯಿ ಬಿಡಬಾರದು.

ನಾವೇನು ಮಾಡುತ್ತೇವೆ? ಸಿಟಿಜನ್ ಆದ ದಿನ ಕೇಕ್ ಕತ್ತರಿಸುತ್ತೇವೆ, ಬಾವುಟ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೇವೆ. ಜ್ಯೂರಿಗೆ ಕರೆ ಬಂದ ದಿನ ಫೋನ್ ಹಿಡಿದುಕೊಂಡು, ತಪ್ಪಿಸಿಕೊಳ್ಳುವುದು ಹೇಗೆ ಎಂದು ಹತ್ತು ಜನರನ್ನು ಕೇಳುತ್ತೇವೆ. “ಇಂಗ್ಲಿಷ್ ಬರಲ್ಲ ಅಂತ ಹೇಳಿ,” ಎನ್ನುತ್ತಾರೆ ಒಬ್ಬರು. “ಮುಖ ನೋಡಿದರೇ ಕಳ್ಳ ಯಾರು ಅಂತ ಗೊತ್ತಾಗತ್ತೆ ಅಂತ ಹೇಳಿ,” ಎನ್ನುತ್ತಾರೆ ಇನ್ನೊಬ್ಬರು. ಇಂಗ್ಲಿಷ್ ಬರಲ್ಲ ಎಂದು ತಪ್ಪಿಸಿಕೊಂಡ ಪ್ರೊಫೆಸರ್ ಒಬ್ಬರು ಈ ಹಾಲಿನಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರೇ ನಗುತ್ತಿದ್ದಾರೆ.

ನಾನು ತಪ್ಪಿಸಿಕೊಳ್ಳಲಿಲ್ಲ. ದೇಶಸೇವೆ ಎಂದೇನೂ ಅಲ್ಲ. ಕೇಳಿದ ಪ್ರಶ್ನೆಗೆ ನಿಜ ಹೇಳಿದೆ, ಆರಿಸಿಕೊಂಡರು. ಒಂದು ಮಗುವಿನ ಸಾವಿನ ಕೇಸು, ಆರೋಪಿ ಒಬ್ಬ ಹೆಂಗಸು. ದಿನಾ ಬೆಳಗ್ಗೆ ನಾರ್ತ್‌ವಿಲ್ಲಿನ ಮನೆಯಿಂದ ಡೆಟ್ರಾಯಿಟಿನ ಕೋರ್ಟಿಗೆ ಹೋಗುತ್ತಿದ್ದೆ, ಸಂಜೆ ಬರುತ್ತಿದ್ದೆ. ಅಲ್ಲಿ ಫೋಟೋಗಳನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸುತ್ತಾರೆ. ಆ ಮಗುವಿನ ಒಂದು ಕಾಲಿನಲ್ಲಿ ಹಳದಿ ಕಾಲುಚೀಲ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಮನೆಗೆ ಬಂದು ಒಗೆದ ಬಟ್ಟೆ ಮಡಚಲು ಕೂತರೆ ಕಾಲುಚೀಲ ಜೋಡಿಸಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಆಗ ನೀವೆಲ್ಲ ಏನು ಮಾಡಿದಿರಿ? ಪದ್ಮ ದಿನಾ ಕೋರ್ಟಿಗೆ ಹೋಗುತ್ತಾಳೆ ಎಂಬುದು ಯಾರ ಬಾಯಿಂದಲೋ ಹೊರಬಿತ್ತು. ಮರ್ಯಾದಸ್ಥರು ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂದು ನಮಗೆಲ್ಲ ಹುಟ್ಟಿನಿಂದಲೇ ಗೊತ್ತಲ್ಲ. ಹತ್ತಿದಳು ಎಂದರೆ ಡೈವೋರ್ಸೇ ಇರಬೇಕು ಎಂದು ತೀರ್ಮಾನವಾಯಿತು. ನಾವು ಹನ್ನೆರಡು ಜನ ವಾರಗಟ್ಟಲೆ ಸಾಕ್ಷಿ ಕೇಳಿ ಒಂದು ತೀರ್ಮಾನಕ್ಕೆ ಬರಲು ಒದ್ದಾಡುತ್ತಿದ್ದೆವು. ನೀವು ಒಂದು ಪಾಟ್‌ಲಕ್ ಊಟದಲ್ಲಿ ಮುಗಿಸಿದಿರಿ.

ಮುಂದಿನ ಸಾಲಿನಲ್ಲಿ ಕೂತಿರುವ ವೆಂಕಟರಾಮು ಅಂಕಲ್, ತಾಯಮ್ಮ ಆಂಟಿ ಸಂಧಾನಕ್ಕೇ ಬಂದರು. ಬರಿಗೈಯಲ್ಲಿ ಬರಲಿಲ್ಲ, ಬಿಸಿಬೇಳೆಭಾತ್ ತಂದಿದ್ದರು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆಂಟಿ ನನ್ನ ಕೈ ಹಿಡಿದುಕೊಂಡು, “ನೋಡಮ್ಮ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಕೋರ್ಟು ಗೀರ್ಟು ಎಲ್ಲ ಯಾಕೆ?” ಅಂದರು.

“ಆಂಟಿ, ನಾನು ಜ್ಯೂರಿಗೆ ಹೋಗ್ತಾ ಇದೀನಿ,” ಅಂದೆ.

ಅಂಕಲ್ ನಕ್ಕರು. “ನಮ್ಮವರು ಯಾರಮ್ಮ ಜ್ಯೂರಿಗೆ ಹೋಗಿದಾರೆ? ಹೇಳೋದಾದ್ರೆ ನಂಬೋ ಹಾಗೆ ಹೇಳು.”

ಅವರ ಮೇಲೆ ಸಿಟ್ಟಿಲ್ಲ. ತಪ್ಪಿಸಿಕೊಳ್ಳುವುದರಲ್ಲಿ ನಾವು ಎಷ್ಟು ನಿಪುಣರೆಂದರೆ, ಹೋದವಳು ನಿಜ ಹೇಳಿದರೂ ಅದು ನೆಪದ ಹಾಗೆ ಕೇಳಿಸುತ್ತದೆ. ಸಿಟ್ಟಿಲ್ಲ ಎಂದೆನಲ್ಲ, ಅದೂ ಸುಳ್ಳು. ಸಿಟ್ಟಿದೆ.

ಮನೆಯಲ್ಲಿ ತಿರುಮಲೇಶ್ ಅವರಿಗೆ ಕೋರ್ಟಿನ ಪತ್ರವನ್ನೇ ತೋರಿಸಿದ್ದೆ, ಅವರು ಮೊದಲು ನಂಬಿದ್ದರು. ಆಮೇಲೆ ದಿನಾ ಒಬ್ಬರಲ್ಲ ಒಬ್ಬರು ಫೋನ್ ಮಾಡಿ “ಎಲ್ಲ ಸರಿ ಇದೆ ತಾನೆ?” ಎಂದು ಕೇಳಿದರೆ ಯಾವ ಗಂಡ ಎಷ್ಟು ದಿನ ನಂಬುತ್ತಾನೆ? ನಾನು ಊಟ ಬಿಟ್ಟು ಗೋಡೆ ನೋಡುತ್ತಾ ಕೂರುತ್ತಿದ್ದೆ. “ಏನು ಮುಚ್ಚಿಡ್ತಿದೀಯ?” ಎಂದು ಕೇಳುತ್ತಿದ್ದರು. ಮುಚ್ಚಿಟ್ಟಿದ್ದೆ, ನಿಜವೇ. ಜಡ್ಜ್ ಎದುರು ಪ್ರಮಾಣ ಮಾಡಿ ಮುಚ್ಚಿಟ್ಟಿದ್ದೆ.

ಕೊನೆಗೆ ಆ ಹೆಂಗಸು ತಪ್ಪಿತಸ್ಥೆ ಎಂದು ಎಲ್ಲರೂ ಒಪ್ಪಿದೆವು. ಸರಿಯಾದದ್ದನ್ನೇ ಹೇಳಿದೆವು ಎಂದುಕೊಂಡಿದ್ದೇನೆ, ಹಗಲು ಹೊತ್ತಿನಲ್ಲಿ. ಇನ್ನು ಮಾತಾಡಬಹುದು ಎಂದರು ಜಡ್ಜ್. ಅವತ್ತು ಮನೆಗೆ ಬಂದು ತಿರುಮಲೇಶ್ ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ, ಕಾಲುಚೀಲದ್ದನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. “ಇಷ್ಟೇನಾ?” ಅಂದರು. ನಿರಾಳವಾಗಿ ನಕ್ಕರು.

ಬೇರೆ ಏನೋ ಇದೆ ಎಂಬ ಭಯ ಅವರಿಗಿತ್ತು, ಅದು ಹೋಯಿತು. ಅವರು ಕೆಟ್ಟವರಲ್ಲ. ಆದರೆ ಸತ್ತ ಮಗುವಿನ ಕಥೆ ಕೇಳಿ ನಿರಾಳವಾದವರ ಎದುರು ದಿನಾ ಕೂತು ಊಟ ಮಾಡುವುದು ನನ್ನಿಂದ ಆಗಲಿಲ್ಲ. ನೀವು ಹಬ್ಬಿಸಿದ ಡೈವೋರ್ಸ್ ಸುದ್ದಿ ತಡವಾಗಿಯಾದರೂ ನಿಜವಾಯಿತು. ತಿರುಮಲೇಶ್ ಅವರು ಇವತ್ತು ಇಲ್ಲೇ ಸೌಂಡ್ ಸಿಸ್ಟಮ್ ನೋಡಿಕೊಳ್ಳುತ್ತಿದ್ದಾರೆ. ಇನ್ನೂ ಮೈಕ್ ಆಫ್ ಮಾಡಿಲ್ಲ, ಅದಕ್ಕೆ ಅವರಿಗೆ ಥ್ಯಾಂಕ್ಸ್.

ಇಲ್ಲ ದೀಪು, ಸಮಿತಿಯ ವಿಷಯಕ್ಕೇ ಬರುತ್ತಿದ್ದೇನೆ. ಡಾಕ್ಟರ್ ಹರಿಯವರು ಕಳೆದ ವರ್ಷ ಶಿಕಾಗೊದಲ್ಲಿ ಜ್ಯೂರಿಯಲ್ಲಿ ಕೂತರು. ಅವರಿಗೂ ನಿದ್ದೆ ಕೆಟ್ಟಿತು ಎಂದು ಈಗ ತಾನೆ ಹೇಳಿದರು. ಪಾಪ ಎನಿಸಿತು. ಈ ಸಮಿತಿ ಮಾಡಿ ಎಂದವರೂ ಅವರೇ. ದೊಡ್ಡವರ ನಿದ್ದೆ ಕೆಟ್ಟರೆ ಸಮಿತಿ ಹುಟ್ಟುತ್ತದೆ, ನನ್ನಂಥವಳ ನಿದ್ದೆ ಕೆಟ್ಟರೆ ಸುದ್ದಿ ಹುಟ್ಟುತ್ತದೆ. ಇರಲಿ, ಹುಟ್ಟಿತಲ್ಲ. ಕೋರ್ಟಿಗೆ ರೈಡ್ ಕೊಡುತ್ತೀರಿ, ಊಟದ ಡಬ್ಬಿ ಕೊಡುತ್ತೀರಿ, ಕೌನ್ಸೆಲರ್ ಹತ್ತಿರ ಕಳಿಸುತ್ತೀರಿ, ಸಂಬಳ ಕಟ್ಟಾದವರಿಗೆ ಕೈಲಾದಷ್ಟು ಕೊಡುತ್ತೀರಿ. ನಾನು ಕಾಂಟ್ರಾಕ್ಟ್ ಕೆಲಸದವಳು, ಹೋಗದ ದಿನಕ್ಕೆ ಸಂಬಳವಿಲ್ಲ. ಕೋರ್ಟು ಕೊಡುವ ಭತ್ಯೆ ಪಾರ್ಕಿಂಗಿಗೆ ಸಾಲುತ್ತಿರಲಿಲ್ಲ. ಎಲ್ಲವೂ ಬೇಕಾದದ್ದೇ. ಆದರೆ ಒಬ್ಬಳು ಜ್ಯೂರಿಗೆ ಹೋಗುತ್ತಿದ್ದೇನೆ ಎಂದರೆ ಮೊದಲು ಅವಳನ್ನು ನಂಬಿ. ಅದಕ್ಕೆ ಸಮಿತಿ ಬೇಕಾಗಿಲ್ಲ.

ಗಗನಾ, ತಲೆ ತಗ್ಗಿಸಬೇಡ. ನೀನು ಮೊನ್ನೆ ಮೊನ್ನೆ ಸಿಟಿಜನ್ ಆದವಳು, ಆಗಲೇ ನಿನಗೂ ಕರೆ ಬಂದಿದೆ. ಕಾಫಿ ಹೊತ್ತಿನಲ್ಲಿ ಇದೇ ಸಮಿತಿಯವರು ನಿನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಏನು ಹೇಳಿ ತಪ್ಪಿಸಿಕೊಳ್ಳಬೇಕು ಎಂದು ಹೇಳಿಕೊಡುತ್ತಿದ್ದರು. ನಾನು ಕೇಳಿಸಿಕೊಂಡೆ.

ಹೋಗು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೋಗಬೇಡ ಎಂದೂ ಹೇಳಲಾರೆ, ಆ ಮಗುವಿಗಾಗಿ ಯಾರಾದರೂ ಕೂತು ಕೇಳಲೇಬೇಕಿತ್ತು. ಹೋದರೆ, ಸಂಜೆ ಸೀದಾ ನೋವೈನಲ್ಲಿರುವ ನನ್ನ ಅಪಾರ್ಟ್‌ಮೆಂಟಿಗೆ ಬಾ. ಅನ್ನ, ಸಾರು ಇರುತ್ತದೆ. ನಾನು ಏನೂ ಕೇಳುವುದಿಲ್ಲ, ನೀನು ಏನೂ ಹೇಳಬೇಕಾಗಿಲ್ಲ. ಅಳು ಬಂದರೆ ಅತ್ತುಬಿಡು. ಅಲ್ಲಿ ನಾನೊಬ್ಬಳೇ ಇರುವುದು.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ಕೇಳಿದ್ದನ್ನು ನಂಬಿದವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.